ಗಾಳಿ ತಿಂದ ಟ್ಯಾಂಕು

ಹಳೆಯ ಕಬ್ಬಿಣದ ಟ್ಯಾಂಕು ಕೊಂಡು, ತುಕ್ಕು ಕೆರೆದು, ತೇಪೆ ಹಾಕಿ, ಬಣ್ಣ ಬಳಿದು ಮಾರುವುದು ಆ ಮನೆಯ ಕಸುಬು. ಮನೆಯೆಂದರೆ ಮುಂದೆ ತಗಡಿನ ಶೆಡ್ಡು, ಹಿಂದೆ ಎರಡು ಕೋಣೆ. ನಡುವಿನ ಬಾಗಿಲನ್ನು ಯಾರೂ ಮುಚ್ಚಿದ ನೆನಪಿಲ್ಲ. ಹಾಗಾಗಿ ಊಟದ ತಟ್ಟೆಯಲ್ಲೂ ಒಮ್ಮೊಮ್ಮೆ ಕಬ್ಬಿಣದ ಪುಡಿ ಸಿಗುತ್ತಿತ್ತು. "ತಿನ್ನಿ, ರಕ್ತಕ್ಕೆ ಒಳ್ಳೇದು" ಎಂದು ತಾಯಿ ಸಮಾಧಾನ ಹೇಳುತ್ತಿದ್ದಳು.

ಗಂಡುಮಕ್ಕಳು ಇಬ್ಬರು. ದೊಡ್ಡವನ ಮೂಗು ಬೀದಿಗೆಲ್ಲ ಹೆಸರುವಾಸಿ. ಟ್ಯಾಂಕಿನ ಬಾಯಿಗೆ ಮೂಗು ಒಡ್ಡಿ, ಇದರಲ್ಲಿ ಸೀಮೆಎಣ್ಣೆ ಇತ್ತು, ಇದರಲ್ಲಿ ಆಸಿಡ್ ಇತ್ತು, ಇದರಲ್ಲಿ ಇಲಿ ಸತ್ತಿತ್ತು ಎಂದು ಹೇಳಬಲ್ಲವನು. ವಾಸನೆ ಬಂದರೆ ಸಾಕು, ಆ ಟ್ಯಾಂಕನ್ನು ತೊಳೆಸಿ, ಬಾಯಿ ತೆರೆದು ವಾರಗಟ್ಟಲೆ ಬಿಸಿಲಿಗೆ ಇಡುತ್ತಿದ್ದ. ಗಿರಾಕಿ ಎಷ್ಟೇ ಅವಸರ ಮಾಡಿದರೂ ಜಗ್ಗುತ್ತಿರಲಿಲ್ಲ. ಅವನನ್ನು ಅಜಾಗರೂಕ ಎನ್ನುವಂತಿರಲಿಲ್ಲ. ಅವನ ತಪ್ಪು ಬೇರೆ ಕಡೆ ಇತ್ತು. ವಾಸನೆ ಬಾರದ ಟ್ಯಾಂಕಿಗೆ ಅವನು ಹೆದರುತ್ತಿರಲಿಲ್ಲ.

ಚಿಕ್ಕವನಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಬಂದ ಸೊಸೆಗೆ ಒಂದು ಚಾಳಿ: ಪ್ರಶ್ನೆ ಕೇಳುವುದು. ನಲ್ಲಿಯಲ್ಲಿ ನೀರಿಗಿಂತ ಮುಂಚೆ ಗಾಳಿ ಯಾಕೆ ಬರುತ್ತೆ? ಬೆಳಿಗ್ಗೆ ಸಲೀಸಾಗಿ ಬೀಳುವ ಗೇಟಿನ ಚಿಲಕ ಮಧ್ಯಾಹ್ನದ ಬಿಸಿಲಲ್ಲಿ ಯಾಕೆ ಬೀಳಲ್ಲ? ಭಾವ ಅವಳಿಗೆ 'ಪ್ರಶ್ನೆಪತ್ರಿಕೆ' ಎಂದು ಹೆಸರಿಟ್ಟಿದ್ದ. ಅತ್ತೆಯ ಉತ್ತರ ಯಾವ ಪ್ರಶ್ನೆಗಾದರೂ ಒಂದೇ. "ಹೊತ್ತು ಹೋಗದಿದ್ರೆ ಬೇಳೆ ಆರಿಸು."

ಅವಳ ಪ್ರಶ್ನೆಗಳಿಗೆ ಇದ್ದ ಒಂದೇ ಗಿರಾಕಿ ಎದುರು ಮನೆಯ ಗಂಟೆ ಮಾವ. ಬೆಂಕಿ ಆರಿಸುವ ದಳದಲ್ಲಿ ದುಡಿದು ನಿವೃತ್ತನಾದವನು. ಮೊಣಕಾಲು ಸೋತಿತ್ತು, ನಾಲಿಗೆ ಸೋತಿರಲಿಲ್ಲ. ಸಾವಿನ ಮನೆಗೆ ಹೋದರೂ ಸಿಲಿಂಡರ್ ಎಲ್ಲಿದೆ, ಹೊರಗೆ ಹೋಗುವ ದಾರಿ ಎಷ್ಟಿವೆ ಎಂದು ನೋಡಿಯೇ ಕೂರುವವನು. ಅವನು ಕಂಡರೆ ಜನ ಆ ಕಡೆಯ ಪಾದಚಾರಿ ದಾರಿಗೆ ದಾಟುತ್ತಿದ್ದರು. ಕಿರಿಸೊಸೆ ಮಾತ್ರ ಈ ಕಡೆಗೆ ದಾಟುತ್ತಿದ್ದಳು.

ಆ ದಿನ ಬೆಳಿಗ್ಗೆ ಶೆಡ್ಡಿಗೆ ಬಂದದ್ದು ಮುಚ್ಚಿಹೋದ ಮಿಲ್ಲೊಂದರ ನೀರಿನ ಟ್ಯಾಂಕು. ಆಳೆತ್ತರಕ್ಕಿಂತ ಎತ್ತರ, ಮೇಲೆ ಒಬ್ಬ ಇಳಿಯುವಷ್ಟು ದುಂಡನೆಯ ಬಾಯಿ. ಬಾಯಿಗೆ ರಬ್ಬರಿನ ಪಟ್ಟಿ ಕೊಟ್ಟು ಮುಚ್ಚಳವನ್ನು ಬೋಲ್ಟು ಹಾಕಿ ಬಿಗಿದಿದ್ದರು. ಮಿಲ್ಲು ಮುಚ್ಚಿದಾಗ ನೀರು ಬಸಿದು ಬಿಗಿದದ್ದು, ವರ್ಷಗಳಿಂದ ಯಾರೂ ತೆರೆದಿರಲಿಲ್ಲ. ಸಂಜೆಯೊಳಗೆ ಒಳಗಿನ ತುಕ್ಕು ಕೆರೆದರೆ ನಾಳೆ ಬಣ್ಣ ಹೊಡೆಯಬಹುದು ಎಂದು ಅಣ್ಣತಮ್ಮಂದಿರ ಲೆಕ್ಕ.

ದೊಡ್ಡವನು ಹೊರಗಿನ ಏಣಿ ಹತ್ತಿ ಕೊನೆಯ ಬೋಲ್ಟು ಬಿಚ್ಚಿ, ಹಾರೆಯಿಂದ ಮುಚ್ಚಳ ಮೀಟಿದ. ಸ್ಸ್ ಎಂದು ಒಂದು ಸದ್ದು ಬಂತು. ಸ್ಪ್ಯಾನರ್ ಹಿಡಿದು ಏಣಿಯ ಮೇಲೆ ನಿಂತಿದ್ದ ಕಿರಿಸೊಸೆಯ ಕಣ್ಣೆದುರೇ ಮುಚ್ಚಳದ ಅಂಚಿನಲ್ಲಿದ್ದ ತುಕ್ಕಿನ ಪುಡಿ ಗೆರೆಗೆರೆಯಾಗಿ ಒಳಕ್ಕೆ ಹಾರಿಹೋಯಿತು. ಯಾರೋ ಒಳಗಿನಿಂದ ಉಸಿರೆಳೆದುಕೊಂಡ ಹಾಗೆ.

ದೊಡ್ಡವನು ಮೂಗು ಒಡ್ಡಿದ. "ಏನೂ ಇಲ್ಲ. ಬರೀ ಕಬ್ಬಿಣ. ತೊಟ್ಟಿಲು ಕಟ್ಟಿ ಮಗು ಮಲಗಿಸಬಹುದು."

"ಭಾವ, ಗಾಳಿ ಒಳಗೆ ಯಾಕೆ ಹೋಯ್ತು?"

"ಒಳಗೆ ಹೋಯ್ತಲ್ಲಮ್ಮ, ಅದೇ ಒಳ್ಳೇದು. ವಿಷಗಾಳಿ ಇದ್ದಿದ್ರೆ ಹೊರಗೆ ನುಗ್ಗಿರೋದು."

"ಒಳಗೆ ಹೋಗ್ಬೇಕು ಅಂದ್ರೆ ಅಲ್ಲಿ ಜಾಗ ಇರ್ಬೇಕಲ್ವಾ? ಮುಚ್ಚುವಾಗ ಟ್ಯಾಂಕ್ ತುಂಬಾ ಗಾಳಿ ಇತ್ತು. ಈಗ ಅದರಲ್ಲಿ ಏನೋ ಕಮ್ಮಿಯಾಗಿದೆ. ಅದೆಲ್ಲಿಗೆ ಹೋಯ್ತು?"

"ಮಿಲ್ ಮಾಲೀಕ ಹೋಗ್ತಾ ಜೇಬಲ್ಲಿ ಹಾಕ್ಕೊಂಡು ಹೋಗಿರ್ಬೇಕು," ಎಂದ ಭಾವ.

ಗಂಡ ಸೊಂಟಕ್ಕೆ ಟವೆಲು ಬಿಗಿಯುತ್ತಾ ನಕ್ಕ. "ಇವಳಿಗೆ ಒಳಗೆ ಹೋದ್ರೂ ಯಾಕೆ, ಹೊರಗೆ ಬಂದ್ರೂ ಯಾಕೆ. ಹೋಗೇ, ನಿನ್ನ ಗಂಟೆ ಮಾವನ್ನ ಕೇಳ್ಕೊಂಡು ಬಾ. ಅಷ್ಟರಲ್ಲಿ ನಾನು ಅರ್ಧ ಕೆರೆದಿರ್ತೀನಿ."

ಅವಳು ನಿಜವಾಗಿಯೂ ಹೋದಳು.

ಗಂಟೆ ಮಾವ ಜಗುಲಿಯಲ್ಲಿ ಕೂತು ಹರಿದ ಚಪ್ಪಲಿಗೆ ಗೋಂದು ಹಚ್ಚುತ್ತಿದ್ದ. ಅವಳು ನಡೆದದ್ದನ್ನೆಲ್ಲ ಹೇಳಿದಳು. ಬೀದಿಯಾಚೆ ಟ್ಯಾಂಕಿನೊಳಗಿಂದ ಸುತ್ತಿಗೆಯ ಸದ್ದು ಶುರುವಾಗಿತ್ತು. ಒಳಕ್ಕೆ ಹಾರಿದ ಪುಡಿಯ ಮಾತು ಬಂದಾಗ ಮಾವನ ಕೈ ನಿಂತಿತು. ಯಾವಾಗಲೂ ಉತ್ತರ ಕೊಡುವವನು ಅಂದು ಪ್ರಶ್ನೆ ಕೇಳಿದ.

"ಯಾರಾದ್ರೂ ಒಳಗೆ ಇಳಿದಿದಾರಾ?"

"ಇವ್ರು ಇಳಿದಿದಾರೆ. ಸುತ್ತಿಗೆ ಸದ್ದು ಕೇಳ್ತಿದೆಯಲ್ಲ."

ಇಬ್ಬರೂ ಕಿವಿಗೊಟ್ಟರು. ಠಣ್, ಠಣ್ ಎಂದು ಬರುತ್ತಿದ್ದ ಸದ್ದು ಈಗ ಸೋಮಾರಿಯಾಗಿತ್ತು. ಒಂದು ಪೆಟ್ಟು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು, ಮೆತ್ತಗೆ. ಆಮೇಲೆ ಸುತ್ತಿಗೆ ತಾನೇ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

ಮಾವ ಗೋಡೆ ಹಿಡಿದು ಎದ್ದ. "ತುಕ್ಕು ಗಾಳಿ ತಿಂದುಬಿಟ್ಟಿದೆ ಕಣಮ್ಮ. ಓಡು. ಯಾರನ್ನೂ ಒಳಗೆ ಇಳಿಯೋಕೆ ಬಿಡಬೇಡ."

"ಮತ್ತೆ ಇವ್ರನ್ನ ಹೊರಗೆ..."

"ತರೋಕೆ ಅಂತ ಇಳಿದೋನು ತರಲ್ಲ, ಅವನ ಪಕ್ಕದಲ್ಲೇ ಬೀಳ್ತಾನೆ. ಎಷ್ಟೋ ಕಡೆ ಇಬ್ಬಿಬ್ರನ್ನ, ಮೂರ್‌ಮೂರು ಜನಾನ ಎತ್ತಿದೀನಿ. ಯಾರು ಅತ್ರೂ ಬಿಡಬೇಡ, ಯಾರು ಬೈದ್ರೂ ಬಿಡಬೇಡ. ನಾನು ದಳಕ್ಕೆ ಫೋನ್ ಮಾಡಿ ಬರ್ತೀನಿ."

ಅವಳು ಶೆಡ್ಡಿಗೆ ಬರುವಷ್ಟರಲ್ಲಿ ದೊಡ್ಡವನು ಟ್ಯಾಂಕಿನ ಮೇಲಿದ್ದ. ಬಾಯೊಳಗೆ ಬಗ್ಗಿ ತಮ್ಮನನ್ನು ಕೂಗುತ್ತಿದ್ದ. ತಮ್ಮ ಒಳಗಿನ ಏಣಿಯ ಬುಡದಲ್ಲೇ, ನಿದ್ದೆ ಬಂದವನಂತೆ, ಗೋಡೆಗೆ ಭುಜ ಆನಿಸಿ ಬಿದ್ದಿದ್ದ. ಮುಖದಲ್ಲಿ ನೋವಿನ ಗುರುತೇ ಇರಲಿಲ್ಲ. ದೊಡ್ಡವನು ಒಂದು ಕಾಲನ್ನು ಒಳಗಿಟ್ಟ.

ಕಿರಿಸೊಸೆ ಹೊರಗಿನ ಏಣಿ ಹತ್ತಿ ಅವನ ಇನ್ನೊಂದು ಕಾಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು.

"ಇಳೀಬೇಡಿ ಭಾವ."

"ಏ, ಬಿಡಮ್ಮ. ಬಿದ್ದಿದಾನೆ ಕಣೇ ಅವನು."

"ಗೊತ್ತು. ಇಳೀಬೇಡಿ. ಒಳಗೆ ಉಸಿರಾಡೋಕೆ ಗಾಳಿ ಇಲ್ಲ."

"ಉಸಿರು ಬಿಗಿಹಿಡಿದು ಇಳೀತೀನಿ. ಎತ್ಕೊಂಡು ಬಂದುಬಿಡ್ತೀನಿ."

"ಅಷ್ಟು ಭಾರ ಹೊತ್ಕೊಂಡು ಏಣಿ ಹತ್ತುವಾಗ ಉಸಿರು ಎಳೀದೆ ಇರ್ತೀರಾ? ಒಂದು ಸಲ ಎಳೆದ್ರೆ ಸಾಕು, ನೀವೂ ಅಲ್ಲೇ."

ತಾಯಿ ಅಷ್ಟರಲ್ಲಿ ಒಳಗಿನಿಂದ ಓಡಿಬಂದಿದ್ದಳು. ಅವಳಿಗೆ ಕಂಡದ್ದು ಇಷ್ಟು: ಒಬ್ಬ ಮಗ ಟ್ಯಾಂಕಿನೊಳಗೆ, ಅವನನ್ನು ತರಲು ಹೊರಟ ಇನ್ನೊಬ್ಬ ಮಗ, ಅವನ ಕಾಲಿಗೆ ಜೋತುಬಿದ್ದ ಸೊಸೆ. "ಬಿಡೇ ಅವನ ಕಾಲು," ಎಂದು ಕೆಳಗಿನಿಂದ ಅವಳ ಸೀರೆ ಹಿಡಿದು ಜಗ್ಗಿದಳು. "ಗಂಡನ್ನ ಸಾಯ್ಸೋಕೆ ನಿಂತಿದೀಯಲ್ಲೇ, ಮನೆಹಾಳಿ. ದೊಡ್ಡೋನೇ, ಒದ್ದು ಇಳಿಯೋ."

ದೊಡ್ಡವನು ಒದೆಯಲಿಲ್ಲ, ಆದರೆ ಕಾಲು ಕೊಡವಿದ. ಅವಳ ಗಲ್ಲ ಏಣಿಯ ಕಬ್ಬಿಣಕ್ಕೆ ತಗುಲಿ ತುಟಿ ಒಡೆಯಿತು. ಅವಳು ಬಿಡಲಿಲ್ಲ. ಒಳಗೆ ಬಿದ್ದಿದ್ದವನು ಅವಳ ಗಂಡ. ಇಳಿಯಬೇಕು ಎಂದು ಅಲ್ಲಿದ್ದವರೆಲ್ಲರಿಗಿಂತ ಹೆಚ್ಚು ಅನ್ನಿಸುತ್ತಿದ್ದದ್ದು ಅವಳಿಗೇ.

"ಆ ಕಾಲು ಹೊರಗೆ ತೆಗಿಯಯ್ಯಾ," ಎಂಬ ದನಿ ಕೇಳಿಸಿತು. ಗಂಟೆ ಮಾವ ಕುಂಟುತ್ತಾ ಬಂದಿದ್ದ, ಒಂದೇ ಚಪ್ಪಲಿಯಲ್ಲಿ. "ಗಾಡಿ ಹೊರಟಿದೆ. ಅದು ಬರೋವರೆಗೆ ಅವನಿಗೆ ಗಾಳಿ ಬೇಕು, ನೀನಲ್ಲ."

"ಆಕ್ಸಿಜನ್ ಸಿಲಿಂಡರ್ ಇದೆಯಲ್ಲ," ಎಂದ ದೊಡ್ಡವನು. ಗ್ಯಾಸಿನಿಂದ ಕಬ್ಬಿಣ ಕೊಯ್ಯಲು ಇಟ್ಟಿದ್ದ ಸಿಲಿಂಡರ್ ಮೂಲೆಯಲ್ಲಿತ್ತು. "ಅದರ ಪೈಪೇ ಒಳಗೆ ಬಿಟ್ಬಿಡ್ತೀನಿ."

"ಅದನ್ನ ಮುಟ್ಟಿದ್ರೆ ನಿನ್ನ ತಮ್ಮನ್ನ ನೀನೇ ಸುಟ್ಟ ಹಾಗೆ. ಬರೀ ಆಕ್ಸಿಜನ್ ತುಂಬಿದ ಜಾಗದಲ್ಲಿ ಒಂದು ಕಿಡಿ ಬಿದ್ರೆ ಬಟ್ಟೆ, ಕೂದಲು ಎಲ್ಲ ಭಗ್ ಅಂತ ಹತ್ಕೊಳ್ಳುತ್ತೆ. ನಮಗೆ ಬೇಕಿರೋದು ಬೀದೀಲಿರೋ ಮಾಮೂಲಿ ಗಾಳಿ. ಬಣ್ಣ ಹೊಡೆಯೋ ಕಂಪ್ರೆಸರ್ ಎಲ್ಲಿ?"

ಕಂಪ್ರೆಸರ್ ಅಲ್ಲೇ ಇತ್ತು. ದೊಡ್ಡವನು ಹಾರಿ ಇಳಿದು ಬಣ್ಣದ ಗನ್ನು ಕಿತ್ತು, ಪೈಪಿನ ತುದಿಯನ್ನು ಉದ್ದನೆಯ ಬಿದಿರಿಗೆ ಕಟ್ಟಿದ. ಕಿರಿಸೊಸೆ ಬಿದಿರನ್ನು ಒಳಗೆ ಇಳಿಬಿಟ್ಟಳು. "ತಲೆ ಒಳಗೆ ಹಾಕಬೇಡ," ಎಂದ ಮಾವ ಕೆಳಗಿನಿಂದ. "ಪಕ್ಕದಿಂದ ನೋಡು. ಅವನ ಮೂಗಿನ ಹತ್ತಿರ ತಗೊಂಡು ಹೋಗು, ಮುಖಕ್ಕೆ ಹೊಡೀಬೇಡ."

ಕಂಪ್ರೆಸರ್ ಗುಡುಗತೊಡಗಿತು. ಗಂಡನ ಕೆನ್ನೆಯ ಪಕ್ಕದ ತುಕ್ಕಿನ ಧೂಳು ಎದ್ದು ಸುಳಿಯಿತು. ಅವನು ಅಲ್ಲಾಡಲಿಲ್ಲ. ಬಿದಿರಿನ ಭಾರಕ್ಕೆ ತೋಳು ಸೋತಾಗಲೆಲ್ಲ ಪೈಪು ಅವನ ಮುಖದಿಂದ ಆಚೆ ಸರಿಯುತ್ತಿತ್ತು, ಅವಳು ಮತ್ತೆ ಈಚೆ ತರುತ್ತಿದ್ದಳು.

ಎಷ್ಟು ಹೊತ್ತು ಹಾಗಾಯಿತೋ ಯಾರಿಗೂ ಗೊತ್ತಿಲ್ಲ. ಕೊನೆಗೆ ಒಳಗಿನಿಂದ ಗೊರಕೆಯಂಥ ಒಂದು ಸದ್ದು ಬಂತು. ಆಮೇಲೆ ಕೆಮ್ಮು.

ದೊಡ್ಡವನು ಮತ್ತೆ ಏಣಿಗೆ ಕೈ ಹಾಕಿದ. "ಎದ್ದ. ಈಗ ಇಳಿಯಬಹುದು."

"ಗಾಳಿ ಇರೋದು ಅವನ ಮೂಗಿನ ಹತ್ರ, ನಿನ್ನ ಮೂಗಿನ ಹತ್ರ ಅಲ್ಲ," ಎಂದು ಮಾವ ಏಣಿಗೆ ಅಡ್ಡ ನಿಂತ. "ನಿಂತ್ಕೋ."

ಬೆಂಕಿ ದಳದವರು ಬಂದರು. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮುಖವಾಡ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬ ಇಳಿದ. ಉಳಿದವರು ಮೇಲೆ ಹಗ್ಗ ಹಿಡಿದು ನಿಂತರು. ಚಿಕ್ಕವನನ್ನು ಪಟ್ಟಿ ಬಿಗಿದು ಎಳೆದುಕೊಂಡು ಆಸ್ಪತ್ರೆಗೆ ಒಯ್ದರು.

ಬದುಕಿದ. ಎರಡು ದಿನ ತಲೆ ಸಿಡಿಯುತ್ತಿತ್ತು, ಮಾತು ತೊದಲುತ್ತಿತ್ತು, ಆಮೇಲೆ ಎರಡೂ ಸರಿಹೋದವು. ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮನುಷ್ಯರಿಗೆ ಗಂಡಾಂತರ ಕಳೆದ ಮೇಲೆ ಬರುವ ಮೊದಲ ಕಾಯಿಲೆ ಅಸಡ್ಡೆ.

"ಅವತ್ತು ಬೆಳಿಗ್ಗೆ ಅವನು ಏನೂ ತಿಂದಿರಲಿಲ್ಲ," ಎಂದಳು ತಾಯಿ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕೂತು. "ಖಾಲಿ ಹೊಟ್ಟೆ, ತಲೆ ಸುತ್ತಿದೆ."

"ಅದೇ ಇರ್ಬೇಕು," ಎಂದ ದೊಡ್ಡವನು. "ನನ್ನ ಮೂಗು ಇದುವರೆಗೆ ಸುಳ್ಳು ಹೇಳಿಲ್ಲ. ಗಾಳಿ ಇಲ್ಲ ಅಂದ್ರೆ ಉಸಿರು ಕಟ್ಟಬೇಕಿತ್ತಲ್ಲ, ಇವನು ಕೂಗ್ಕೋಬೇಕಿತ್ತಲ್ಲ. ಮಿಕ್ಕಿದ್ದನ್ನ ನಾಳೆ ನಾನೇ ಇಳಿದು ಕೆರೀತೀನಿ. ಅದೇ ಮಿಲ್ಲಿಂದ ಇನ್ನೊಂದು ಟ್ಯಾಂಕೂ ಬಂದಿದೆ."

ತುಟಿಗೆ ಹೊಲಿಗೆ ಬಿದ್ದಿದ್ದ ಕಿರಿಸೊಸೆ, ವಿಚಾರಿಸಲು ಬಂದಿದ್ದ ಗಂಟೆ ಮಾವನ ಮುಖ ನೋಡಿದಳು. ಅವಳು ಕಾಲು ಹಿಡಿದು ಉಳಿಸಿದವನು ಇನ್ನೊಂದು ಸಲ ಇಳಿಯಲು ದಿನ ಗೊತ್ತುಮಾಡುತ್ತಿದ್ದ.

ಮಾವ ಹಾಸಿಗೆಯಲ್ಲಿದ್ದವನನ್ನು ಕೇಳಿದ. "ನೀನೇ ಹೇಳಪ್ಪ. ಏನಾಯ್ತು ನಿನಗೆ?"

"ಏನೂ ಆಗ್ಲಿಲ್ಲ ಮಾವ. ಅದೇ ಭಯ ಆಗೋದು ಈಗ. ಉಸಿರು ಆರಾಮಾಗಿ ಹೋಗ್ತಿತ್ತು, ಬರ್ತಿತ್ತು. ಕಾಲು ಮಾತ್ರ ಬೇರೆ ಯಾರದ್ದೋ ಅನ್ನಿಸ್ತು. ಸ್ವಲ್ಪ ಕೂತ್ಕೊಳ್ಳೋಣ ಅಂದ್ಕೊಂಡೆ. ಅಷ್ಟೇ ನೆನಪು."

"ಕೇಳಿಸ್ಕೊಂಡ್ರಾ?" ಎಂದ ಮಾವ. "ಬಾಯಿ ಮೂಗು ಮುಚ್ಚಿದ್ರೆ ನಮಗೆ ಒದ್ದಾಟ ಆಗುತ್ತಲ್ಲ, ಅದು ಮುಖ್ಯವಾಗಿ ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗಲಿಲ್ಲ ಅಂತ ಮೈ ಮಾಡೋ ಗಲಾಟೆ. ಟ್ಯಾಂಕಲ್ಲಿ ಕೆಟ್ಟ ಗಾಳಿ ಹೊರಗೆ ಹೋಗ್ತಾ ಇರುತ್ತೆ. ಒಳ್ಳೇದು ಒಳಗೆ ಬರ್ತಿಲ್ಲ ಅನ್ನೋದನ್ನ ಮೈ ಗಮನಿಸೋದೇ ಇಲ್ಲ. ಅದಕ್ಕೇ ಕೂಗಲ್ಲ, ಒದ್ದಾಡಲ್ಲ. ದೀಪ ಆರಿಸಿದ ಹಾಗೆ."

"ವಾಸನೆ?" ಎಂದ ದೊಡ್ಡವನು.

"ವಿಷ ಇದ್ರೆ ವಾಸನೆ ಇರಬಹುದು. ಇಲ್ಲಿ ಏನೂ ಬಂದು ಸೇರ್ಕೊಂಡಿಲ್ಲ ಕಣಯ್ಯ, ಇದ್ದದ್ದು ಹೋಗಿದೆ. ಇಲ್ಲದ್ದಕ್ಕೆ ಯಾವ ವಾಸನೆ ಬರುತ್ತೆ? ಗಾಳೀನ ಐದು ಪಾಲು ಮಾಡಿದ್ರೆ ನಮ್ಮ ಜೀವ ಹಿಡಿದಿರೋದು ಒಂದೇ ಪಾಲು. ಮಿಕ್ಕ ನಾಲ್ಕು ಪಾಲು ಮದುವೆಗೆ ಬಂದ ನೆಂಟರ ಹಾಗೆ, ಬರ್ತಾವೆ, ಹೋಗ್ತಾವೆ. ಆ ಒಂದು ಪಾಲನ್ನೇ ಬೆಂಕಿ ತಿನ್ನೋದು, ಅದನ್ನೇ ತುಕ್ಕು ತಿನ್ನೋದು. ತುಕ್ಕು ಅಂದ್ರೆ ಏನು ಅಂದ್ಕೊಂಡಿದೀಯ? ಕಬ್ಬಿಣ ಜ್ವಾಲೆ ಇಲ್ಲದೆ ನಿಧಾನವಾಗಿ ಉರಿಯೋದು. ಬಯಲಲ್ಲಾದ್ರೆ ಎಷ್ಟು ತಿಂದ್ರೂ ಹೊಸ ಗಾಳಿ ಬರುತ್ತೆ. ಮುಚ್ಚಿದ ಟ್ಯಾಂಕಲ್ಲಿ ಎಲ್ಲಿಂದ ಬರ್ಬೇಕು?"

ದೊಡ್ಡವನು ಒಪ್ಪಿದ ಲಕ್ಷಣ ಕಾಣಲಿಲ್ಲ. "ತುಕ್ಕು ಗಾಳಿ ತಿನ್ನೋದನ್ನ ಯಾರು ನೋಡಿದಾರೆ?"

"ನೋಡ್ಬಹುದು ಭಾವ," ಎಂದಳು ಕಿರಿಸೊಸೆ. ತುಟಿಯ ಹೊಲಿಗೆಯಿಂದಾಗಿ ಮಾತು ಕಡಿಮೆ ಆಡುತ್ತಿದ್ದಳು. "ಒಂದು ದಿನ ತಡೀರಿ. ಅಲ್ಲಿವರೆಗೆ ಇಳೀಬೇಡಿ."

ಸಂಜೆ ಅವಳು ಬಣ್ಣ ಉಜ್ಜಲು ಇಟ್ಟಿದ್ದ ಕಬ್ಬಿಣದ ಸಣ್ಣ ನಾರಿನ ಉಂಡೆ ತೆಗೆದುಕೊಂಡಳು. ಹೊಳೆಯುವ ಪಾತ್ರೆ ಉಜ್ಜುವ ನಾರಲ್ಲ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಉಂಡೆಯನ್ನು ನಿಂಬೆರಸದಲ್ಲಿ ನೆನೆಸಿ, ಹಿಂಡಿ, ಗಾಜಿನ ಲೋಟದ ತಳಕ್ಕೆ ತುರುಕಿದಳು. ಲೋಟವನ್ನು ಬೋರಲಾಗಿ, ನೀರು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿ, ಲೋಟದೊಳಗೆ ನೀರಿನ ಮಟ್ಟ ಎಲ್ಲಿದೆಯೋ ಅಲ್ಲಿ ಹೊರಗಿನಿಂದ ಬಣ್ಣದ ಗೆರೆ ಎಳೆದಳು. ತಟ್ಟೆಯನ್ನು ಶೆಡ್ಡಿನ ಕಟ್ಟೆಯ ಮೇಲೆ ಇಟ್ಟಳು, ಭಾವನ ಸಲಕರಣೆಗಳ ಪಕ್ಕದಲ್ಲೇ.

ಮರುದಿನ ಮಧ್ಯಾಹ್ನ ದೊಡ್ಡವನು ಕೆರೆಯುವ ಉಳಿ ತೆಗೆದುಕೊಳ್ಳಲು ಬಂದವನು ಲೋಟ ನೋಡಿದ. ನಾರು ಕೆಂಪಾಗಿತ್ತು. ನೀರು ಗೆರೆ ದಾಟಿ ಮೇಲೇರಿತ್ತು. ಯಾರೂ ಸುರಿದಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಒಳಗಿನ ಗಾಳಿ ಕಡಿಮೆಯಾದಷ್ಟು ಜಾಗಕ್ಕೆ ತಟ್ಟೆಯ ನೀರು ಏರಿ ನಿಂತಿತ್ತು.

ಅವನು ಬಗ್ಗಿ ನೋಡಿದ. ಬೆರಳಿಂದ ಅಳೆದ. ಲೋಟದ ಹತ್ತಿರಕ್ಕೆ ಮೂಗನ್ನೂ ಒಯ್ದ, ಅಭ್ಯಾಸಬಲ. ಆಮೇಲೆ ಉಳಿಯನ್ನು ಕೆಳಗಿಟ್ಟು ಅಲ್ಲೇ ಕೂತ.

"ಇಷ್ಟು ವರ್ಷ ಮೂಗನ್ನ ನಂಬ್ಕೊಂಡು ಇಳಿದೆ," ಎಂದ.

ಸ್ವಲ್ಪ ಹೊತ್ತಿನ ಮೇಲೆ ಗಂಟೆ ಮಾವನನ್ನು ಕರೆಸಿದ. "ಹಂಗಾದ್ರೆ ನಮ್ಮ ಕೆಲಸ ಹೆಂಗೆ ಮಾಡೋದು ಮಾವ? ಟ್ಯಾಂಕಿಗೆ ಇಳೀದೇ ಇದ್ರೆ ಹೊಟ್ಟೆಗೇನು?"

"ಮೊದಲು, ಇಳೀದೇ ಮಾಡೋಕಾಗುತ್ತಾ ನೋಡು. ಉದ್ದ ಕೋಲಿನ ಕುಂಚ ಇದೆ, ನೀರು ಹೊಡೆಯೋ ಪಂಪು ಇದೆ. ಇಳೀಲೇಬೇಕು ಅಂದ್ರೆ ಇರೋ ಬಾಯಿ ಎಲ್ಲ ತೆಗಿ. ಗಾಳಿ ಊದೋ ಬ್ಲೋವರ್ ಹಾಕು, ಪೈಪು ತಳ ಮುಟ್ಟಲಿ. ಒಳಗೆ ಜನ ಇರೋವರೆಗೂ ಅದನ್ನ ನಿಲ್ಲಿಸಬೇಡ. ಗಾಳಿ ಅಳೆಯೋ ಮೀಟರ್ ಬಾಡಿಗೆಗೆ ಸಿಗುತ್ತೆ, ಇಳಿಯೋಕೆ ಮುಂಚೆ ಅಳಿ. ಮೂಗನ್ನ ನೆಗಡಿಗೆ ಇಟ್ಕೋ. ಇಳಿಯೋನ ಮೈಗೆ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗ ಹೊರಗಿನೋನ ಕೈಯಲ್ಲಿ. ಹೊರಗೆ ನಿಂತೋನು ಏನೇ ಆದ್ರೂ ಒಳಗೆ ಇಳೀಬಾರ್ದು. ಅವನ ಕೆಲಸ ಎಳೆಯೋದು, ಕೂಗೋದು, ಫೋನ್ ಮಾಡೋದು."

"ತಮ್ಮನೇ ಒಳಗೆ ಬಿದ್ದಿದ್ರೂ?"

"ತಮ್ಮನೇ ಬಿದ್ದಿದ್ರೂ. ಅಪ್ಪನೇ ಬಿದ್ದಿದ್ರೂ."

ಬಾಗಿಲಲ್ಲಿ ನಿಂತು ತಾಯಿ ಇದನ್ನೆಲ್ಲ ಕೇಳುತ್ತಿದ್ದಳು. ಆಸ್ಪತ್ರೆಯಿಂದ ಬಂದ ಚಿಕ್ಕವನು ಒಳಗೆ ಮಲಗಿದ್ದ, ದೊಡ್ಡವನು ಕಣ್ಣೆದುರು ಕೂತಿದ್ದ. ಅವಳು ಒಳಗೊಮ್ಮೆ ನೋಡಿದಳು, ಹೊರಗೊಮ್ಮೆ ನೋಡಿದಳು. ಆಮೇಲೆ ಸೊಸೆಯ ಹತ್ತಿರ ಬಂದು ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಹೊಲಿಗೆ ನೋಡಿದಳು.

"ನೀನು ಕಾಲು ಬಿಟ್ಟಿದ್ರೆ ನನಗೆ ಇಬ್ಬರೂ ಇರ್ತಿರ್ಲಿಲ್ಲ," ಎಂದಳು. "ಅವತ್ತು ಬಾಯಿಗೆ ಬಂದ ಹಾಗೆ ಬೈದೆ. ನೋಡು, ಇನ್ನೊಂದು ಸಲ ಅಂಥದ್ದು ಆದ್ರೆ ನಾನು ಮತ್ತೆ ಬೈತೀನಿ. ಹೆತ್ತ ಹೊಟ್ಟೆ, ಅದಕ್ಕೆ ಬುದ್ಧಿ ಹೇಳಿದ್ರೆ ಕೇಳಲ್ಲ. ನೀನು ಮಾತ್ರ ಬಿಡಬೇಡ."

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮಲ್ಲಿ ಟ್ಯಾಂಕು ಕೆರೆಯುವವರು ಕಡಿಮೆ ಇರಬಹುದು. ಆದರೆ ಬಹುದಿನ ಮುಚ್ಚಿಟ್ಟ ಟ್ಯಾಂಕು, ನೆಲದಡಿಯ ಸಂಪು, ಬಳಸದ ಬಾವಿ, ಕೊಳಚೆ ಗುಂಡಿ ನಿಮ್ಮ ಬೀದಿಯಲ್ಲೂ ಇವೆ. ಗಾಳಿಯನ್ನು ತಿನ್ನಲು ಕೆಲವು ಕಡೆ ತುಕ್ಕು, ಕೆಲವು ಕಡೆ ಕೊಳೆತ ಕಸ. ಇನ್ನು ಕೆಲವು ಕಡೆ ವಿಷಗಾಳಿಯೇ ಬಂದು ತುಂಬಿರುತ್ತದೆ. ಕಾರಣ ಬೇರೆ, ಫಲ ಒಂದೇ. ವಾಸನೆ ಇಲ್ಲವೆಂದು, ನೀರಿಲ್ಲವೆಂದು, ನಿನ್ನೆ ತಾನೇ ಇನ್ನೊಂದಕ್ಕೆ ಇಳಿದು ಬಂದಿದ್ದೇವೆಂದು ನಂಬಿ ಇಳಿಯಬೇಡಿ. ಕೂಲಿ ಕೊಟ್ಟು ಇನ್ನೊಬ್ಬರನ್ನು ಇಳಿಸಲೂಬೇಡಿ. ಗಾಳಿ ಊದಿಸಿ, ಅಳೆಸಿ, ಹಗ್ಗ ಕಟ್ಟಿಸಿ. ಮನೆಯಲ್ಲಿ ಯಾರಾದರೂ "ಅದು ಯಾಕೆ ಹಾಗೆ?" ಎಂದು ಕೇಳಿದರೆ, ಉತ್ತರ ಸಿಗುವವರೆಗೆ ಕೆಲಸ ನಿಲ್ಲಿಸಿ.

ಎಲ್ಲಾದರೂ ಒಬ್ಬರು ಒಳಗೆ ಬಿದ್ದರೆ ಹೊರಗಿನಿಂದ ಗಾಳಿ ಬಿಡಿ, ಬೆಂಕಿ ದಳಕ್ಕೆ ಫೋನ್ ಮಾಡಿ. ಅವರ ಹಿಂದೆ ಇಳಿಯಲು ಹೊರಟವರ ಕಾಲು ಹಿಡಿಯಿರಿ. ನಿಮ್ಮನ್ನು ಬೈಯುತ್ತಾರೆ, ಜಗ್ಗುತ್ತಾರೆ, ಕಲ್ಲೆದೆಯವರು ಎನ್ನುತ್ತಾರೆ.

ಬಿಡಬೇಡಿ.